ಅನಾನಸ್ ತೆಗೆಯಿರಿ, ಗಂಟೆ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ‘ಮನೆಯಲ್ಲೇ ಹವಾಯಿ ಔತಣ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ತೆಗೆದುಕೊಳ್ಳುತ್ತೇವೆ, ಯಾಕೆಂದರೆ ನಾಲ್ಕನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಬಾಳೆ ಎಲೆಯನ್ನು ಗ್ಯಾಸ್ ಉರಿಯ ಮೇಲೆ ಆಡಿಸಿದಾಗ ಮಂಕು ಹಸಿರು ಹೋಗಿ ಎಣ್ಣೆ ಸವರಿದಂಥ ಹೊಳಪು ಹರಿದು ಬರುತ್ತದೆ, ಹೊಳಪು ಬಂದ ಕಡೆ ಎಲೆ ಬಟ್ಟೆಯ ಹಾಗೆ ಮಡಿಚುತ್ತದೆ, ಬಾರದ ಕಡೆ ಸೀಳುತ್ತದೆ ಎಂದು ಬರೆದಿದ್ದೀರಿ. ಇದನ್ನು ಓದಿದವರು ಎಲೆ ಬಾಡಿಸುವಾಗ ತಪ್ಪಲಾರರು. ಇಡೀ ಲೇಖನ ಹೀಗೇ ಇರಬೇಕಿತ್ತು.

ಮೊದಲ ಎರಡೂವರೆ ಪುಟ ಕಡಲತೀರ, ಸೂರ್ಯಾಸ್ತ, ಹೂಮಾಲೆ, ಹೂಲಾ ನೃತ್ಯ. ಅಷ್ಟನ್ನೂ ತೆಗೆಯಿರಿ. ಶನಿವಾರ ರಾತ್ರಿ ಎಂಟಕ್ಕೆ ಹನ್ನೆರಡು ಜನ ಊಟಕ್ಕೆ ಬರುತ್ತಾರೆ ಎಂದು ನೀವೇ ಹೇಳಿದ್ದೀರಿ. ಹಾಗಾದರೆ ಓದುವವರಿಗೆ ಮೊದಲು ಬೇಕಾದದ್ದು ಮಾಂಸ ಎಷ್ಟು ತರಬೇಕು, ಓವನ್‌ಗೆ ಎಷ್ಟು ಹೊತ್ತಿಗೆ ಇಡಬೇಕು ಎಂಬುದು. ‘ಒಳ್ಳೆಯ ಹಂದಿ ಮಾಂಸ ಒಂದು ಕೆಜಿ’, ‘ಮೆತ್ತಗಾಗುವವರೆಗೆ ಬೇಯಿಸಿ’ ಎಂದರೆ ಎರಡರಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ.

ಈಗ ಅನಾನಸಿನ ವಿಷಯ. ಮಾಂಸವನ್ನು ಅನಾನಸ್ ರಸ, ಸೋಯಾ ಸಾಸ್, ಕಂದು ಸಕ್ಕರೆಯಲ್ಲಿ ಇಡೀ ದಿನ ನೆನೆಸಲು ಹೇಳಿ, ಅದಕ್ಕೆ ಕಾಲುವಾ ಎಂದು ಹೆಸರು ಕೊಟ್ಟಿದ್ದೀರಿ. ಕಾಲುವಾದಲ್ಲಿ ಈ ಮೂರೂ ಇಲ್ಲ. ಹವಾಯಿ ಭಾಷೆಯಲ್ಲಿ ‘ಲುವಾ’ ಎಂದರೆ ಗುಂಡಿ. ಗುಂಡಿಯೊಲೆಯಲ್ಲಿ ಬೇಯಿಸುವುದೇ ಕಾಲುವಾ. ಹಂದಿ, ಕಡಲುಪ್ಪು, ಎಲೆ, ಕಾದ ಕಲ್ಲು, ಇಷ್ಟೇ ಅದರ ಬಂಡವಾಳ. ಹಂದಿ, ಕೆಸು, ಬಾಳೆ ಇವೆಲ್ಲ ಪಾಲಿನೇಷ್ಯಾದ ಮೊದಲ ವಲಸಿಗರ ದೋಣಿಗಳಲ್ಲಿ ಹವಾಯಿಗೆ ಬಂದವು. ಅನಾನಸ್ ದಕ್ಷಿಣ ಅಮೆರಿಕದ ಹಣ್ಣು. ಜೇಮ್ಸ್ ಡೋಲ್ 1901ರಲ್ಲಿ ಕಂಪನಿ ಕಟ್ಟಿ ಡಬ್ಬಿಗೆ ತುಂಬಿ ಮಾರತೊಡಗಿದ ಮೇಲೆ ಅದು ಆ ದ್ವೀಪಗಳ ಗುರುತಾಗಿ ಬೆಳೆಯಿತು. ಹವಾಯಿ ಹೆಸರಿನ ಪಿಜ್ಜಾ ಕೂಡ 1962ರಲ್ಲಿ ಕೆನಡಾದಲ್ಲಿ ಹುಟ್ಟಿದ್ದು.

ಹೆಸರಿನ ತಕರಾರು ಪಕ್ಕಕ್ಕಿಟ್ಟರೂ ನಿಮ್ಮ ವಿಧಾನದಲ್ಲಿ ಮಾಂಸ ಕೆಡುತ್ತದೆ. ಹಸಿ ಅನಾನಸಿನಲ್ಲಿ ಬ್ರೋಮಿಲೇನ್ ಎಂಬ ಕಿಣ್ವ ಇದೆ, ಅದು ಪ್ರೋಟೀನನ್ನು ಕತ್ತರಿಸುತ್ತದೆ. ಇಡೀ ದಿನ ನೆನೆದರೆ ಮಾಂಸದ ಹೊರಪದರ ಹಿಟ್ಟಿನಂತಾಗುತ್ತದೆ, ಬೆಂದ ಮೇಲೆ ಬಿಡಿಸಲು ಎಳೆಯೇ ಉಳಿದಿರುವುದಿಲ್ಲ. ಡಬ್ಬಿಯ ರಸ ಕಾಯಿಸಿದ್ದಾದ್ದರಿಂದ ಅದರಲ್ಲಿ ಕಿಣ್ವದ ಕೆಲಸ ನಡೆಯದು. ಆದರೆ ಸಕ್ಕರೆ ಗಂಟೆಗಟ್ಟಲೆ ಟ್ರೇಯ ತಳದಲ್ಲಿ ಕಾದು ಸೀದು, ಕೊನೆಗೆ ಬೇಕಾಗುವ ರಸವನ್ನೇ ಕಹಿ ಮಾಡುತ್ತದೆ. ಸಾಮಗ್ರಿ ಪಟ್ಟಿಯಲ್ಲಿರುವ ‘ಕಹ್ಲುವಾ ಎರಡು ಚಮಚ’ವನ್ನೂ ಹೊಡೆದುಹಾಕಿ. ಅದು ಮೆಕ್ಸಿಕೊದ ಕಾಫಿ ಮದ್ಯ. ಎರಡು ಹೆಸರೂ ಕಿವಿಗೆ ಒಂದೇ ಥರ ಕೇಳುವುದರಿಂದ ಬಹಳ ಮಂದಿ ಎಡವಿದ್ದಾರೆ.

ಗುಂಡಿಯೊಲೆಯನ್ನು, ಅಂದರೆ ಇಮುವನ್ನು, ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ಒಂದು ಪುಟ ಬರೆಯಿರಿ, ಅಡುಗೆಯವರ ಕಣ್ಣಿನಿಂದ ಬರೆಯಿರಿ. ಗುಂಡಿ ತೋಡಿ, ಕಿಯಾವೆ ಎಂಬ ಮರದ ಸೌದೆ ಒಟ್ಟಿ, ಮೇಲೆ ಜ್ವಾಲಾಮುಖಿಯ ಕಲ್ಲು ಪೇರಿಸಿ ಎರಡು ಮೂರು ಗಂಟೆ ಉರಿಸುತ್ತಾರೆ. ಕಲ್ಲಿನ ಆಯ್ಕೆಗೆ ಕಾರಣ ಇದೆ: ಸಣ್ಣ ಸಣ್ಣ ತೂತುಗಳಿರುವ ಬಸಾಲ್ಟ್ ಶಾಖ ತಡೆದುಕೊಳ್ಳುತ್ತದೆ, ಒಳಗೆ ನೀರು ಸೇರಿಕೊಂಡ ಹೊಳೆಗಲ್ಲು ಸಿಡಿಯುತ್ತದೆ. ಕಲ್ಲು ಕಾದ ಮೇಲೆ ಹರಡಿ, ಅದರ ಮೇಲೆ ಜಜ್ಜಿದ ಬಾಳೆಕಾಂಡ ಹಾಸುತ್ತಾರೆ. ಬಾಳೆಕಾಂಡದ ನೀರೇ ಹಬೆ; ಮಾಂಸ ನೇರ ಕಲ್ಲಿಗೆ ತಗುಲಿ ಸೀಯದಂತೆ ತಡೆಯುವುದೂ ಅದೇ. ಆಮೇಲೆ ಟೀ ಗಿಡದ ಎಲೆ (ಚಹಾ ಅಲ್ಲ, ನಮ್ಮ ನರ್ಸರಿಗಳಲ್ಲಿ ಅಲಂಕಾರಕ್ಕೆ ಮಾರುವ ಕಾರ್ಡಿಲೈನ್), ಉಪ್ಪು ತಿಕ್ಕಿದ ಹಂದಿ, ಅದರ ಹೊಟ್ಟೆಯೊಳಗೂ ಕಾದ ಕಲ್ಲು, ಮತ್ತೆ ಎಲೆ, ಒದ್ದೆ ಗೋಣಿ, ಕೊನೆಗೆ ಮಣ್ಣು. ಎಲ್ಲಿಂದಲೂ ಹಬೆ ಹೊರಗೆ ಬಾರದ ಹಾಗೆ ಮುಚ್ಚಿ ಆರೆಂಟು ಗಂಟೆ ಬಿಡುತ್ತಾರೆ.

ಇದನ್ನು ವಿವರಿಸಿದರೆ ಮನೆಯ ಓವನ್‌ನಲ್ಲಿ ಮಾಡುವ ಪ್ರತಿಯೊಂದಕ್ಕೂ ಕಾರಣ ತಾನಾಗಿ ತಿಳಿಯುತ್ತದೆ. ಕಾಲುವಾ ಬೇಯುವುದು ಹಬೆಯಲ್ಲಿ, ಜೊತೆಗೆ ಒಂದಿಷ್ಟು ಹೊಗೆ. ನಿಮ್ಮ ‘ಗರಿಗರಿ ಕಂದು ಹೊರಪದರ’ ಇದಕ್ಕೆ ಸೇರಿದ್ದಲ್ಲ. ಕಿಯಾವೆ 1828ರಲ್ಲಿ ಹವಾಯಿಗೆ ಬಂದ ಮರ, ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಬಳ್ಳಾರಿ ಜಾಲಿಯ ಇದ್ದಿಲು ಬಳಸುವ ಓದುಗರು ನಮಗಿದ್ದಾರೆ, ಅವರಿಗೆ ಇದನ್ನು ಹೇಳಲೇಬೇಕು.

ಮಾಂಸ: ಮುಂಗಾಲಿನ ಮೇಲ್ಭುಜ, ಮೂಳೆಸಮೇತ, ಇಡಿಯಾಗಿ. ಅಮೆರಿಕದ ಅಂಗಡಿಯಲ್ಲಿ ಬಾಸ್ಟನ್ ಬಟ್ ಎಂದು ಕೇಳಿ. ಬೆಂಗಳೂರು, ಮಡಿಕೇರಿ, ಮಂಗಳೂರಿನಲ್ಲಿ ಕೊಳ್ಳುವವರು ‘ಕರಿ ಪೀಸ್ ಮಾಡಬೇಡಿ’ ಎಂದು ಮೊದಲೇ ಹೇಳಬೇಕು. ಸುಮ್ಮನಿದ್ದರೆ ಪಂದಿ ಕರಿಗೆ ಬೇಕಾದ ಅಳತೆಯಲ್ಲಿ ಕೊಚ್ಚಿ ಕೊಟ್ಟುಬಿಡುತ್ತಾರೆ. ನೀವು ಸೂಚಿಸಿದ ಬೆನ್ನಿನ ಮಾಂಸದಲ್ಲಿ ನೆಣವೂ ಕಡಿಮೆ, ಕೊಲ್ಯಾಜೆನ್ ಎಂಬ ಅಂಟುನಾರೂ ಕಡಿಮೆ. ಅದು 65 ಡಿಗ್ರಿ ಸೆಲ್ಸಿಯಸ್‌ಗೆ ಚೆನ್ನಾಗಿರುತ್ತದೆ, ಐದು ಗಂಟೆ ಬೇಯಿಸಿದರೆ ಮರದ ಪುಡಿ. ಭುಜದ ಅಂಟುನಾರು ಸುಮಾರು 70 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ; ಎಳೆಗಳನ್ನು ಬಿಡಿಸುವುದೂ ಅದೇ, ಒಣಗದಂತೆ ಕಾಯುವುದೂ ಅದೇ. ಮೂಳೆ, ಕರಗುವ ನೆಣ, ಇಳಿಯುವ ನೀರು ಎಲ್ಲ ಕಳೆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಹನ್ನೆರಡು ಜನಕ್ಕೆ ತಲೆಗೆ 150 ಗ್ರಾಂ ಹಿಡಿದರೆ ಮೂರೂವರೆ ಕೆಜಿ ಬೇಕು. ನಿಮ್ಮ ಒಂದು ಕೆಜಿ ನಾಲ್ಕು ಜನಕ್ಕೂ ಕಷ್ಟ.

ಉಪ್ಪಿಗೆ ‘ರುಚಿಗೆ ತಕ್ಕಷ್ಟು’ ಎಂದಿದ್ದೀರಿ. ಸಾರಿಗೆ ಅದು ನಡೆಯುತ್ತದೆ. ಮೂರೂವರೆ ಕೆಜಿಯ ಹಸಿ ಮಾಂಸದ ಮುದ್ದೆಯನ್ನು ಯಾರು ರುಚಿ ನೋಡುತ್ತಾರೆ? 45 ಗ್ರಾಂ ಎಂದು ಬರೆಯಿರಿ. ಚಮಚದ ಲೆಕ್ಕ ಕೊಡಬೇಡಿ. ಪುಡಿ ಉಪ್ಪಿನ ಚಮಚಕ್ಕೂ ಕಲ್ಲುಪ್ಪಿನ ಚಮಚಕ್ಕೂ ತೂಕ ಬೇರೆ. ಹವಾಯಿಯವರು ಬಳಸುವ ಅಲಾಎಯಾ ಎಂಬ ಕೆಂಪು ಕಡಲುಪ್ಪು ಸಿಕ್ಕರೆ ಸರಿ, ಅದರ ಕೆಂಪು ಕಬ್ಬಿಣಾಂಶದ ಜೇಡಿಯದು. ಸಿಗದಿದ್ದರೆ ಒರಟು ಕಡಲುಪ್ಪು ಸಾಕು. ಚರ್ಮ ತೆಗೆಸಿ, ಯಾಕೆಂದರೆ ಹಬೆಯಲ್ಲಿ ಅದು ರಬ್ಬರಾಗುತ್ತದೆ. ನೆಣದ ಪದರಕ್ಕೆ ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಅಡ್ಡಡ್ಡ ಗೀರಿ, ಗೀರಿನೊಳಗೆ ಬೆರಳಿಂದ ಉಪ್ಪು ಒತ್ತಬೇಕು. ಇದು ಹಿಂದಿನ ರಾತ್ರಿಯ ಕೆಲಸ.

ಹೊಗೆಯ ವಾಸನೆಗೆ ದ್ರವ ಹೊಗೆ (ಸೌದೆಯ ಹೊಗೆಯನ್ನು ನೀರಿಗಿಳಿಸಿ ಬಾಟಲಿಯಲ್ಲಿ ಮಾರುವುದು) ‘ಕಾಲು ಕಪ್’ ಎಂದು ಬರೆದದ್ದನ್ನು ನೋಡಿ ಗಾಬರಿಯಾಯಿತು. ಮೂರೂವರೆ ಕೆಜಿಗೆ ಒಂದೂವರೆ ದೊಡ್ಡ ಚಮಚ ಸಾಕು, ಅಂದರೆ 22 ಮಿಲಿ. ಕಾಲು ಕಪ್ ಹಾಕಿದರೆ ಕಹಿ ಗಂಟಲಲ್ಲಿ ನಿಲ್ಲುತ್ತದೆ, ಅದನ್ನು ಸರಿಪಡಿಸುವ ದಾರಿ ಇಲ್ಲ. ಹವಾಯಿಯ ಮನೆಗಳಲ್ಲೂ ಗುಂಡಿ ತೋಡದೆ ಮಾಡುವಾಗ ಇದನ್ನೇ ಬಳಸುತ್ತಾರೆ, ಹಾಗಾಗಿ ನಾಚಿಕೆಪಟ್ಟು ಮುಚ್ಚಿಡಬೇಕಿಲ್ಲ. ಇದು ಸಿಗದ ಓದುಗರಿಗೆ ಕೆಂಡದ ದಾರಿ ಹೇಳಿ: ಬೆಂದು ಬಿಡಿಸಿದ ಮಾಂಸದ ನಡುವೆ ಪುಟ್ಟ ಸ್ಟೀಲ್ ಬಟ್ಟಲಿಟ್ಟು, ಒಂದು ನಿಗಿನಿಗಿ ಕೆಂಡ ಹಾಕಿ, ಮೇಲೆ ಅರ್ಧ ಚಮಚ ಕರಗಿದ ಹಂದಿಯ ನೆಣ ಬಿಟ್ಟು ಐದು ನಿಮಿಷ ಮುಚ್ಚುವುದು. ತುಪ್ಪ ಬೇಡ, ವಾಸನೆ ಬೇರೆ ದಿಕ್ಕಿಗೆ ಹೋಗುತ್ತದೆ.

‘ಓವನ್ 325 ಡಿಗ್ರಿ’ ಎಂದಿದ್ದೀರಿ. ನೀವು ಕ್ಯಾಲಿಫೋರ್ನಿಯಾದಲ್ಲಿದ್ದೀರಿ, ಅದು ಫ್ಯಾರನ್‌ಹೀಟ್. ನಮ್ಮ ಓದುಗರಲ್ಲಿ ಬಹುಪಾಲು ಜನರ ಓವನ್ 250 ಸೆಲ್ಸಿಯಸ್‌ಗೆ ನಿಲ್ಲುತ್ತದೆ. ಅವರು ಓವನ್ನಿನ ನಾಬನ್ನು ಕೊನೆಯವರೆಗೆ ತಿರುಗಿಸಿಬಿಡುತ್ತಾರೆ. 160 ಸೆಲ್ಸಿಯಸ್ ಎಂದು ಬರೆಯಿರಿ. ಕ್ರಮ ಹೀಗಿರಲಿ: ಬಾಡಿಸಿದ ಎಲೆಗಳನ್ನು ಅಡ್ಡ ಮತ್ತು ಉದ್ದ ಹಾಸಿ, ಮಾಂಸವನ್ನು ನೆಣ ಮೇಲೆ ಬರುವಂತೆ ಇಟ್ಟು, ಎರಡು ಮೂರು ಪದರ ಸುತ್ತಿ ದಾರ ಕಟ್ಟಬೇಕು. ಆಳದ ಟ್ರೇಯಲ್ಲಿಟ್ಟು ಒಂದು ಕಪ್ ನೀರು ಹಾಕಿ, ಎರಡು ಪದರ ಫಾಯಿಲಿನಿಂದ ಅಂಚನ್ನು ಹಿಂಡಿ ಹಿಂಡಿ ಮುಚ್ಚಬೇಕು. ಹಬೆ ಒಂದು ಮೂಲೆಯಿಂದ ಸೋರಿದರೂ ನೀರು ಆರುತ್ತದೆ, ತಳ ಸೀಯುತ್ತದೆ, ಆ ಸೀದ ವಾಸನೆ ಎಲೆಯೊಳಗೂ ಇಳಿಯುತ್ತದೆ.

ಸಮಯ ಐದೂವರೆಯಿಂದ ಆರೂವರೆ ಗಂಟೆ. ಎಂಟಕ್ಕೆ ಊಟವಾದರೆ ಮಧ್ಯಾಹ್ನ ಹನ್ನೆರಡಕ್ಕೇ ಓವನ್‌ಗೆ ಹೋಗಬೇಕು. ಬೇಗ ಬೆಂದರೆ ಮುಚ್ಚಿದಂತೆಯೇ ಒಂದು ಗಂಟೆ ಕಾಯುತ್ತದೆ, ತಡವಾದರೆ ಅತಿಥಿಗಳು ಕಾಯಬೇಕಾಗುತ್ತದೆ. ಸಣ್ಣ ಓಟಿಜಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) ಇರುವವರು ಎರಡು ತುಂಡು ಮಾಡಿಸಲಿ, ನಾಲ್ಕೂವರೆ ಗಂಟೆ ಸಾಕು. ಮೇಲಿನ ಕಾಯಿಲ್‌ಗೂ ಫಾಯಿಲಿಗೂ ನಾಲ್ಕು ಬೆರಳು ಅಂತರ ಇರಲಿ. ಗಂಟೆಯೊಂದನ್ನೇ ನಂಬಬಾರದು. ಥರ್ಮಾಮೀಟರ್ ಮೂಳೆಗೆ ತಾಗದಂತೆ ಚುಚ್ಚಿದಾಗ 93ರಿಂದ 96 ಡಿಗ್ರಿ ತೋರಬೇಕು. ಥರ್ಮಾಮೀಟರ್ ಇಲ್ಲದವರಿಗೆ ಹೆಗಲೆಲುಬೇ ಸಾಕ್ಷಿ: ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಮಾಂಸ ಅಂಟದೆ ಬಿಳಿಯಾಗಿ ಹೊರಗೆ ಬರಬೇಕು. ಬಿಗಿಹಿಡಿದರೆ ಇನ್ನೂ ಅರ್ಧ ಗಂಟೆ.

‘70 ಡಿಗ್ರಿಯಲ್ಲಿ ಮುಳ್ಳು ನಿಂತುಬಿಟ್ಟರೆ ಉರಿ ಹೆಚ್ಚಿಸಿ’ ಎಂಬ ಸಲಹೆ ತೆಗೆಯಿರಿ. ಮಾಂಸದ ಮೇಲಿನಿಂದ ನೀರು ಆವಿಯಾಗುತ್ತಾ ತಂಪು ಮಾಡುವುದರಿಂದ, ತೆರೆದಿಟ್ಟು ಬೇಯಿಸುವಾಗ ಹಾಗೆ ನಿಲ್ಲುತ್ತದೆ. ಬಿಗಿಯಾಗಿ ಮುಚ್ಚಿದ್ದರೆ ಅದು ಅಷ್ಟಾಗಿ ಕಾಡುವುದಿಲ್ಲ. ಬಹಳ ಹೊತ್ತು ನಿಂತಿತೆಂದರೆ ಫಾಯಿಲು ಎಲ್ಲೋ ಬಿಟ್ಟಿದೆ ಎಂದು ತಿಳಿದು ಅದನ್ನು ಸರಿಮಾಡಬೇಕು.

ಓವನ್ ಇಲ್ಲದವರಿಗೆ ಒಂದೆರಡು ಸಾಲು ಸೇರಿಸಿ: ಒಂದು ಕೆಜಿಯನ್ನು ನಾಲ್ಕು ತುಂಡು ಮಾಡಿ, ಎಲೆ ಸುತ್ತಿ, ಕುಕ್ಕರಿನಲ್ಲಿ ಒಂದೂವರೆ ಕಪ್ ನೀರಿನೊಂದಿಗೆ ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ 50 ನಿಮಿಷ, ಒತ್ತಡ ತಾನಾಗಿ ಇಳಿಯಬೇಕು.

ಬಿಡಿಸುವ ಹಂತವನ್ನು ನೀವು ಬಿಟ್ಟೇಬಿಟ್ಟಿದ್ದೀರಿ, ಬಹಳ ಕಡೆ ಕೆಡುವುದು ಇಲ್ಲೇ. ಮುಚ್ಚಿದಂತೆ 45 ನಿಮಿಷ ಬಿಟ್ಟು, ರಸವನ್ನು ಎತ್ತರದ ಪಾತ್ರೆಗೆ ಬಸಿದು, ಮೇಲೆ ತೇಲುವ ನೆಣ ತೆಗೆಯಬೇಕು. ಎರಡು ಫೋರ್ಕಿನಲ್ಲಿ ಕಿರುಬೆರಳ ದಪ್ಪದ ಎಳೆಗಳಾಗಿ ಬಿಡಿಸಬೇಕು; ಹತ್ತಿಯಂತೆ ನುಣ್ಣಗೆ ಕಿತ್ತರೆ ತಟ್ಟೆಗೆ ಬರುವಷ್ಟರಲ್ಲಿ ಒಣಗಿರುತ್ತದೆ. ರಸವನ್ನು ಮುಕ್ಕಾಲು ಕಪ್ ಸುರಿದು, ಕಲಸಿ, ರುಚಿ ನೋಡಿ, ಬೇಕಾದರೆ ಮಾತ್ರ ಇನ್ನಷ್ಟು. ಉಪ್ಪು ಸರಿಮಾಡುವ ಹೊತ್ತು ಇದು. ಬಡಿಸಿದ ಮೇಲೆ ‘ರಾತ್ರಿಯಿಡೀ ಮೇಜಿನ ಮೇಲೆ ಇರಲಿ’ ಎಂದಿದ್ದೀರಿ, ಅದು ಅಪಾಯ. ಹೊರಗೆ ಎರಡು ಗಂಟೆ ಮೀರಬಾರದು; ಮೀರುವುದಾದರೆ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಡಬೇಕು. ಉಳಿದದ್ದನ್ನು ಅಗಲ ಡಬ್ಬಿಗಳಲ್ಲಿ ತೆಳ್ಳಗೆ ಹರಡಿ ಫ್ರಿಜ್‌ಗೆ. ಮರುದಿನ ಅದೇ ರಸದಲ್ಲಿ ದಪ್ಪಗೆ ಹೆಚ್ಚಿದ ಎಲೆಕೋಸನ್ನು ಐದು ನಿಮಿಷ ಬಾಡಿಸಿ ಮಾಂಸ ಬೆರೆಸಿದರೆ ಹವಾಯಿಯ ಇನ್ನೊಂದು ಮನೆಯಡುಗೆ ತಯಾರು, ಜೊತೆಗೆ ಬಿಳಿ ಅನ್ನ.

ಇನ್ನು ಇತಿಹಾಸ. ಗಂಡುಹೆಣ್ಣು ಸಾವಿರಾರು ವರ್ಷದಿಂದ ಒಟ್ಟಿಗೆ ಕೂತು ಹಂದಿ ತಿಂದರು ಎಂದಿದ್ದೀರಿ. ಹವಾಯಿಯಲ್ಲಿ ಹೆಂಗಸರು ಗಂಡಸರ ಪಂಕ್ತಿಯಲ್ಲಿ ಕೂರುವಂತಿರಲಿಲ್ಲ. ಹಂದಿ, ತೆಂಗು, ಹೆಚ್ಚಿನ ಬಗೆಯ ಬಾಳೆಹಣ್ಣು ಅವರಿಗೆ ನಿಷಿದ್ಧ. 1819ರಲ್ಲಿ ಎರಡನೇ ಕಮೇಹಮೇಹಾ ದೊರೆ ರಾಜಮನೆತನದ ಹೆಂಗಸರ ಜೊತೆ ಕೂತು ಉಂಡಾಗ ಆ ಕಟ್ಟು ಮುರಿಯಿತು. ಇಂದು ಔತಣಕ್ಕೆ ಹೇಳುವ ‘ಲೂಆವ್’ ಎಂಬ ಮಾತು ಎಳೆಯ ಕೆಸುವಿನ ಎಲೆಯ ಹೆಸರು. ಅವರ ನಿತ್ಯದ ಪೋಯಿ ಬೇಯಿಸಿ ಜಜ್ಜಿದ ಕೆಸುವಿನ ಗಡ್ಡೆಯ ಮುದ್ದೆ, ಲೌಲೌ ಎಂಬುದು ಕೆಸುವಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಹಂದಿ. ಪತ್ರೊಡೆ ಮಾಡುವ ಮಲೆನಾಡು, ಕರಾವಳಿಯ ಓದುಗರಿಗೆ ನೀವು ಹವಾಯಿಯ ಬಾಗಿಲು ತೆರೆಯಬೇಕಾದದ್ದು ಇಲ್ಲಿಂದ. ಎಲೆ ಪೂರ್ತಿ ಬೇಯದಿದ್ದರೆ ಗಂಟಲು ತುರಿಸುತ್ತದೆ ಎಂದು ಅವರಿಗೆ ಹೇಳಿಕೊಡಬೇಕಾದ್ದಿಲ್ಲ.

ಹನ್ನೆರಡು ಜನರಲ್ಲಿ ಹಂದಿ ತಿನ್ನದವರೂ ಇರುತ್ತಾರೆ, ಅವರಿಗೆ ‘ಸಲಾಡ್ ಇಡಿ’ ಎಂದಷ್ಟೇ ಬರೆದದ್ದು ಸಾಲದು. ಇಮುವಿನಲ್ಲಿ ಗೆಣಸು, ದೀವಿಹಲಸು ಕೂಡ ಬೇಯುತ್ತವೆ. ಗೆಣಸನ್ನು ಸಿಪ್ಪೆಸಮೇತ ಬಾಳೆ ಎಲೆಯಲ್ಲಿ ಸುತ್ತಿ, ಬೇರೆ ಟ್ರೇಯಲ್ಲಿ, ಬೇರೆ ಫಾಯಿಲಿನಲ್ಲಿ ಮುಚ್ಚಿ, ಕೊನೆಯ ಒಂದೂವರೆ ಗಂಟೆ ಅದೇ ಓವನ್‌ನ ಮೇಲಿನ ತಟ್ಟಿನಲ್ಲಿ ಇಡಬಹುದು. ಕೆಳಗಿಟ್ಟರೆ ಮೇಲಿನ ರಸ ತೊಟ್ಟಿಕ್ಕುವ ಭಯ. ಮಾಂಸದ ಜೊತೆ ಒಂದೇ ಓವನ್ ಬೇಡ ಎನ್ನುವವರಿದ್ದರೆ ಇಡ್ಲಿ ಪಾತ್ರೆಯಲ್ಲಿ 40 ನಿಮಿಷ.

ತಿದ್ದುವ ಮೊದಲು ಇನ್ನೊಮ್ಮೆ ಮಾಡಿ, ಪಕ್ಕದಲ್ಲಿ ಪುಸ್ತಕ ಇಟ್ಟುಕೊಳ್ಳಿ. ಹಸಿ ಮಾಂಸದ ತೂಕ, ಓವನ್‌ಗೆ ಇಟ್ಟ ಹೊತ್ತು, ಮೂರನೇ ಗಂಟೆಯಿಂದ ಗಂಟೆಗೊಮ್ಮೆ ಒಳಗಿನ ಉಷ್ಣತೆ (ಫಾಯಿಲನ್ನು ಬಿಚ್ಚದೆ ಮೇಲಿನಿಂದಲೇ ಚುಚ್ಚಿ, ತೂತನ್ನು ಚೂರು ಫಾಯಿಲಿನಿಂದ ಮುಚ್ಚಿ), ಮೂಳೆ ಕಳಚಿದ ಹೊತ್ತು, ಬಿಡಿಸಿದ ಮಾಂಸದ ತೂಕ. ನಾವು ಕೊಟ್ಟ ಅಂಕಿಗೂ ನಿಮಗೆ ಬಂದದ್ದಕ್ಕೂ ವ್ಯತ್ಯಾಸವಿದ್ದರೆ ನಿಮ್ಮದನ್ನೇ ಬರೆಯಿರಿ, ಓವನ್ ಯಾವ ಬಗೆಯದು ಎಂಬುದನ್ನೂ ಸೇರಿಸಿ. ಎಲೆ ಬಾಡಿಸುವ ಪ್ಯಾರಾದಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ.