ನಾಯಿ ಹೆಸರು ಕೊಟ್ರೂ ‘ಇದಾನೆ’ ಅನ್ನೋ ಫಂಕ್ಷನ್ನು

ಪ್ರಶ್ನೆ: ಊರು ಸಾಗರದ ಹತ್ರ, ಶಿವಮೊಗ್ಗದ ಒಂದು ಕಾಲೇಜಲ್ಲಿ ಲ್ಯಾಬ್ ನೋಡ್ಕೊಳ್ತೀನಿ, ಲಿನಕ್ಸ್ ಮಷಿನ್ 40 ಇದಾವೆ. ಮಷಿನ್ ಹೆಸರೆಲ್ಲ ಸೇರಿಸಿ ‘ಲ್ಯಾಬ್2’ ಅಂತ ಒಂದು ನೆಟ್‌ಗ್ರೂಪ್ (ನೆಟ್‌ವರ್ಕಿನ ಮಷಿನ್, ಯೂಸರ್ ಸೇರಿಸಿಟ್ಟ ಪಟ್ಟಿ) ಮಾಡಿದೀನಿ. ಸಿ ಪ್ರೋಗ್ರಾಮಲ್ಲಿ ಇನ್‌ನೆಟ್‌ಜಿಆರ್ (innetgr) ಅನ್ನೋ ಫಂಕ್ಷನ್ ಕರೆದು ಈ ಯೂಸರ್ ಅದರಲ್ಲಿ ಇದಾನಾ ಅಂತ ಕೇಳಿದ್ರೆ ಯಾರ ಹೆಸರಿಗೂ 1, ಅಂದ್ರೆ ‘ಇದಾನೆ’ ಅಂತ ಬರುತ್ತೆ, ತಮಾಷೆಗೆ ನಮ್ಮನೆ ನಾಯಿ ಹೆಸರು ಕೊಟ್ರೂ 1! ಆದ್ರೆ ಗ್ರೂಪ್ಸ್ ಕಮ್ಯಾಂಡ್ ಹೊಡೆದ್ರೆ ಲ್ಯಾಬ್2 ಸುಳಿವೇ ಇಲ್ಲ. ಎಂತ ಕಥೆ ಇದು?

ಉತ್ತರ: ಕೊನೇದು ಮೊದ್ಲು ಮುಗಿಸ್ತೀನಿ. ಗ್ರೂಪ್ಸ್ ಕಮ್ಯಾಂಡ್ ತೋರಿಸೋದು ಯುನಿಕ್ಸ್ ಗ್ರೂಪು, ನೆಟ್‌ಗ್ರೂಪ್ ಬೇರೇನೇ ಜಾತಿ, ಹೆಸರಲ್ಲಿ ಗ್ರೂಪ್ ಅಂತ ಇದೆ ಅಷ್ಟೆ. ಅದನ್ನ ನೋಡ್ಬೇಕಂದ್ರೆ ಗೆಟ್‌ಎಂಟ್ ನೆಟ್‌ಗ್ರೂಪ್ ಲ್ಯಾಬ್2 ಅಂತ ಹೊಡೀರಿ.

ಇನ್ನು ನಾಯಿ ವಿಷ್ಯ. ನೆಟ್‌ಗ್ರೂಪಲ್ಲಿ ಇರೋದು ಬರೀ ಹೆಸರಲ್ಲ ಮಾರಾಯ್ರೆ, ಮೂರು ಮೂರರ ಕಟ್ಟು: ಹೋಸ್ಟ್, ಯೂಸರ್, ಡೊಮೈನ್. ನೀವು ಖಂಡಿತ (ಪಿಸಿ1,,) (ಪಿಸಿ2,,) ಅಂತ ಬರೆದಿರ್ತೀರಿ, ಯೂಸರ್ ಜಾಗ ಖಾಲಿ ಬಿಟ್ಟು. ಖಾಲಿ ಅಂದ್ರೆ ‘ಯಾರೂ ಇಲ್ಲ’ ಅಂತ ನಾವು ಅನ್ಕೊಳ್ತೀವಿ, ಅದು ಓದ್ಕೊಳ್ಳೋದು ‘ಯಾರಾದ್ರೂ ಸರಿ’ ಅಂತ. ತೋಟದ ದಣಪೆ ಸರಿಸಿಟ್ಟು ಮಲಗಿದ ಹಂಗೆ, ಬೆಳಗ್ಗೆ ಎದ್ದು ನೋಡಿದ್ರೆ ಊರಿನ ದನ ಎಲ್ಲ ಒಳಗೆ. ಯಾರನ್ನೂ ಬಿಡ್ಬಾರ್ದು ಅಂದ್ರೆ ಆ ಜಾಗದಲ್ಲಿ ಒಂದು ಅಡ್ಡಗೆರೆ ಹಾಕ್ಬೇಕು, (ಪಿಸಿ1,-,) ಹಿಂಗೆ. ಒಂದೇ ಒಂದು ಗೆರೆ, ದಣಪೆಗೆ ಗಳ ಹಾಕಿದ ಲೆಕ್ಕ. ಇದನ್ನ ನಾನು ಕಲಿತಿದ್ದೂ ಹಿಂಗೇ ಎಡವಿ, ಮಳೆಗಾಲದ ಒಂದಿಡೀ ದಿನ ಪ್ರೋಗ್ರಾಮಲ್ಲಿ ತಪ್ಪು ಹುಡುಕ್ತಾ ಕೂತಿದ್ದೆ, ತಪ್ಪು ಇದ್ದಿದ್ದು ಫೈಲಲ್ಲಿ.

ನಿಮ್ಮ ಕಡೆಯಿಂದಲೂ ಒಂದು ದಣಪೆ ತೆಗೆದಿರುತ್ತೆ ನೋಡಿ. ಇನ್‌ನೆಟ್‌ಜಿಆರ್‌ಗೆ ಗ್ರೂಪ್ ಹೆಸರು ಆದ್ಮೇಲೆ ಹೋಸ್ಟ್, ಯೂಸರ್, ಡೊಮೈನ್ ಕೊಡ್ತೀವಲ್ಲ, ಅದರಲ್ಲಿ ಯಾವ್ದಕ್ಕೆ ನಲ್ (NULL, ‘ಏನೂ ಇಲ್ಲ’ ಅನ್ನೋ ಗುರುತು) ಕೊಟ್ರೂ ಅದನ್ನ ಕೇಳ್ಬೇಡ ಅಂತ ಹೇಳಿದ ಹಂಗೆ. ಹೋಸ್ಟಿಗೂ ನಲ್, ಡೊಮೈನಿಗೂ ನಲ್ ಕೊಟ್ಟು, ಫೈಲಲ್ಲಿ ಯೂಸರ್ ಜಾಗ ಖಾಲಿ ಬಿಟ್ರೆ ಪಾಪ ಆ ಫಂಕ್ಷನ್ನಿಗೆ ತಾಳೆ ನೋಡೋಕೆ ಏನು ಉಳೀತು? 1 ಅನ್ನುತ್ತೆ. ಲ್ಯಾಬ್ ಮಷಿನ್ನಿಗೆ ಒಂದು ನೆಟ್‌ಗ್ರೂಪ್, ಹುಡುಗರಿಗೆ ಬೇರೆ ಒಂದು, (-,ಹೆಸರು,) ಅಂತ, ಹಿಂಗೆ ಇಟ್ಕೊಳ್ಳಿ, ಎರಡನ್ನೂ ಕಲಸಬೇಡಿ. ಹೋಸ್ಟ್ ಹೆಸರು ಫೈಲಲ್ಲಿ ಗಿಡ್ಡಕ್ಕೆ ಬರೆದು ಪ್ರೋಗ್ರಾಮಿಂದ ಪೂರ್ತಿ ಉದ್ದದ ಹೆಸರು ಕಳಿಸಿದ್ರೂ ತಾಳೆ ಆಗಲ್ಲ. ಡೊಮೈನ್ ಅಂದ್ರೆ ಇಲ್ಲಿ ವೆಬ್‌ಸೈಟಿನ ಡೊಮೈನ್ ಅಲ್ಲ, ಎನ್‌ಐಎಸ್ (ಯೂಸರ್, ಮಷಿನ್ ಪಟ್ಟಿ ಒಂದು ಕಡೆ ಇಟ್ಟು ಎಲ್ಲ ಮಷಿನ್ನಿಗೂ ಹಂಚೋ ವ್ಯವಸ್ಥೆ) ಡೊಮೈನು. ಸನ್ ಕಂಪನಿಯೋರು ಎನ್‌ಐಎಸ್‌ಗೆ ಮೊದ್ಲು ಇಟ್ಟಿದ್ದ ಹೆಸರು ಯೆಲ್ಲೋ ಪೇಜಸ್, ಅದು ಬ್ರಿಟಿಷ್ ಟೆಲಿಕಾಂ ಟ್ರೇಡ್‌ಮಾರ್ಕ್ ಅಂತ ಬದಲಾಯಿಸ್ಬೇಕಾಯ್ತು, ಆದ್ರೂ ವೈಪಿಕ್ಯಾಟ್, ವೈಪಿಬೈಂಡ್ ಅನ್ನೋ ಕಮ್ಯಾಂಡುಗಳಲ್ಲಿ ಹಳೇ ವೈಪಿ ಇನ್ನೂ ಕೂತಿದೆ.

ಪ್ರಶ್ನೆ: ತೀರ್ಥಹಳ್ಳಿಯಿಂದ. ನೆಟ್‌ಗ್ರೂಪಿನ ಕಟ್ಟುಗಳನ್ನ ಒಂದೊಂದಾಗಿ ಕೊಡೋ ಗೆಟ್‌ನೆಟ್‌ಜಿಆರ್‌ಎಂಟ್ (getnetgrent) ಫಂಕ್ಷನ್ ಲೂಪಲ್ಲಿ ಓಡಿಸಿ ಸಿಕ್ಕಿದ್ದನ್ನೆಲ್ಲ ಅರೇಲಿ ಇಟ್ಕೊಂಡೆ, ಆಮೇಲೆ ಪ್ರಿಂಟ್ ಮಾಡಿದ್ರೆ ಕಸಕಸ ಬರ್ತಿದೆ.

ಉತ್ತರ: ನೀವು ಇಟ್ಕೊಂಡಿದ್ದು ಹೆಸರಲ್ಲ, ಪಾಯಿಂಟರ್, ಅಂದ್ರೆ ಹೆಸರು ಇರೋ ಜಾಗದ ವಿಳಾಸ. ಅದು ತೋರಿಸ್ತಿರೋದು ಲೈಬ್ರರಿಯ ಸ್ವಂತ ಜಾಗನ, ಮುಂದಿನ ಸಲ ಕರೆದಾಗ ಅದರ ಮೇಲೇ ಹೊಸದು ಬರೀಬಹುದು. ಸಿಕ್ಕ ತಕ್ಷಣ ಸ್ಟ್ರ್‌ಡಪ್ (strdup) ಫಂಕ್ಷನ್ ಕರೆದು ಕಾಪಿ ತಗೊಳ್ಳಿ. ಲೂಪಿಗೆ ಮೊದ್ಲು ಸೆಟ್‌ನೆಟ್‌ಜಿಆರ್‌ಎಂಟ್, ಮುಗಿದ್ಮೇಲೆ ಎಂಡ್‌ನೆಟ್‌ಜಿಆರ್‌ಎಂಟ್, ಪ್ರೋಗ್ರಾಮಲ್ಲಿ ಥ್ರೆಡ್ (ಒಟ್ಟೊಟ್ಟಿಗೆ ಓಡೋ ಭಾಗಗಳು) ಇದ್ರೆ ಹೆಸರಿನ ಕೊನೇಲಿ ಅಂಡರ್‌ಸ್ಕೋರ್ ಆರ್ ಇರೋ ಗೆಟ್‌ನೆಟ್‌ಜಿಆರ್‌ಎಂಟ್ (getnetgrent_r) ಬಳಸಿ, ಅದಕ್ಕೆ ಬಫರ್, ಅಂದ್ರೆ ಬರೆಯೋ ಜಾಗ, ನೀವೇ ಕೊಡ್ಬೇಕು. ಮತ್ತೆ ಆ ಖಾಲಿ ಜಾಗ ಇಲ್ಲೂ ಕಾಡುತ್ತೆ: ಫೈಲಲ್ಲಿ ಖಾಲಿ ಇದ್ದಿದ್ದು ನಿಮ್ಮ ಕೈಗೆ ಬರೋದು ನಲ್ ಆಗಿ, ನೋಡದೆ ಸ್ಟ್ರ್‌ಡಪ್‌ಗೆ ಕೊಟ್ರೆ ಪ್ರೋಗ್ರಾಮ್ ಅಲ್ಲೇ ಮಗುಚಿಕೊಳ್ಳುತ್ತೆ.