ಡೆಕಾಥ್ಲಾನ್ ಬಿಟ್ಟು ಜಾವೆಲಿನ್ ಒಂದನ್ನೇ ಹಿಡಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗುತ್ತದಾ?

ವಯಸ್ಸು 19, ಊರು ತೀರ್ಥಹಳ್ಳಿ ಕಡೆ, ಜಾವೆಲಿನ್ 48 ಮೀಟರ್ ಎಸೀತೀನಿ, ಎರಡು ದಿನ ಹತ್ತು ಇವೆಂಟು ಮಾಡಿ ಪಾಯಿಂಟು ಕೂಡಿಸೋ ಡೆಕಾಥ್ಲಾನಲ್ಲಿ ಪೋಲ್ ವಾಲ್ಟೇ ತಲೆನೋವು ಅಂತ ಬರೆದಿದ್ದೀಯ. ತಮ್ಮಾ, ನಾನು ಸಾಗರದ ಕಡೆಯವನು ಅನ್ನೋದು ಬಿಟ್ಟರೆ ಇದು ನನ್ನದೇ ಕಥೆ.

ಕೋಲು ಊರಿ ಹಾರೋದು ನಾನು ಕಲಿತದ್ದು ತೋಟದ ಹಳ್ಳ ದಾಟುವಾಗ, ಅಡಿಕೆ ಕೊಯ್ಯುವ ಹಳೇ ಬಿದಿರು ದೋಟಿಯಲ್ಲಿ. ದೋಟಿ ಮುರಿದದ್ದಕ್ಕೆ ಅಪ್ಪನ ಹತ್ತಿರ ಬೈಸಿಕೊಂಡದ್ದು ಬೇರೆ ಮಾತು. ಫೈಬರ್ ಪೋಲ್ ಮುಟ್ಟಿದ್ದು ಡಿಗ್ರಿಗೆ ಶಿವಮೊಗ್ಗಕ್ಕೆ ಬಂದ ಮೇಲೆ. ಅದನ್ನು ಬಸ್ಸಿನ ಟಾಪಿಗೆ ಕಟ್ಟಿಸಿ ಮೀಟಿಗೆ ಒಯ್ಯೋದು ನಮಗೆ ಹನ್ನೊಂದನೇ ಇವೆಂಟು. ಪ್ರತಿ ಸಲವೂ ಕಂಡಕ್ಟರ್ ಹತ್ತಿರ ಜಗಳ.

ರಾಜ್ಯಮಟ್ಟದ ಮೀಟು. ಎರಡನೇ ದಿನ ಹರ್ಡಲ್ಸ್, ಡಿಸ್ಕಸ್ ಮುಗಿದಾಗ ನಾನು ಎರಡನೇ ಸ್ಥಾನದಲ್ಲಿದ್ದೆ. ಪೋಲ್ ವಾಲ್ಟಿಗೆ ಎಷ್ಟು ಎತ್ತರದಿಂದ ಶುರು ಮಾಡ್ತೀಯ ಅಂತ ಕೇಳಿದರು. 3.40 ಮೀಟರ್ ಅಂದೆ. ಪ್ರಾಕ್ಟೀಸಲ್ಲಿ 3.60 ಹಾರಿದ್ದೆ, ಕಾಲಲ್ಲಿ ಶಕ್ತಿ ಉಳಿಸೋಣ ಅಂತ ಲೆಕ್ಕ. ನಿಜ ಹೇಳಬೇಕೆಂದರೆ, ಪಕ್ಕದವನು 3.20 ಅಂದಿದ್ದ, ಅವನಿಗಿಂತ ಕೆಳಗೆ ಶುರು ಮಾಡೋಕೆ ನಾಚಿಕೆ ಆಯ್ತು. ಆ ಲೆಕ್ಕದಲ್ಲಿ ಎರಡು ತಪ್ಪಿದ್ದವು. ಪ್ರಾಕ್ಟೀಸಿನ 3.60 ತಾಜಾ ಕಾಲಿನದು, ಹಿಂದಿನ ಸಂಜೆ 400 ಮೀಟರ್ ಓಡಿದ ಕಾಲಿನದಲ್ಲ. ಇನ್ನೊಂದು, ಬಾರು 3.40ಕ್ಕೆ ಏರೋತನಕ ಮುಕ್ಕಾಲು ಗಂಟೆ ಸುಮ್ಮನೆ ಕೂತೆ. ಮೈ ತಣ್ಣಗಾಯ್ತು. ಜಿಟಿಜಿಟಿ ಮಳೆ ಬೇರೆ, ಕೈಗೆ ಹಚ್ಚಿದ ಚಾಕ್ ಪುಡಿ ಅಂಟಂಟಾಯ್ತು. ಮೂರು ಸಲ ಓಡಿದೆ, ಮೂರು ಸಲವೂ ಬಾರು ಬಿತ್ತು. ಮೂರೂ ತಪ್ಪಿದರೆ ಅಲ್ಲಿಗೆ ಮುಗೀತು, ಪಾಯಿಂಟು ಸೊನ್ನೆ.

3 ಮೀಟರ್ ದಾಟಿದ್ದರೆ 357 ಪಾಯಿಂಟು. 3.40 ಅಂದರೆ 457. ಬರೀ ನೂರು ಹೆಚ್ಚಿಗೆ ಸಿಗಲಿ ಅಂತ 357 ಕಳಕೊಂಡೆ. ಜಾವೆಲಿನ್, 1500 ಎರಡನ್ನೂ ಮುಗಿಸಿದೆ. ಕೊನೆಗೆ ಎರಡನೇ ಸ್ಥಾನದವನಿಗೂ ನನಗೂ 212ರ ಅಂತರ. ನ್ಯಾಷನಲ್ಸ್ ಹೋಯ್ತು, ಆ ಸರ್ಟಿಫಿಕೇಟ್ ನಂಬಿಕೊಂಡು ಹಾಕಿದ್ದ ಅರ್ಜಿಯೂ ಹೋಯ್ತು. 1992ರಲ್ಲಿ ವಿಶ್ವ ಚಾಂಪಿಯನ್ ಡ್ಯಾನ್ ಓಬ್ರಿಯನ್‌ಗೂ ಅಮೆರಿಕದ ಟ್ರಯಲ್ಸಲ್ಲಿ ಇದೇ ಆಗಿತ್ತು. 4.80ರಿಂದ ಶುರು ಮಾಡಿ ಮೂರೂ ತಪ್ಪಿ ಬಾರ್ಸಿಲೋನಾ ಒಲಿಂಪಿಕ್ಸ್ ಕೈತಪ್ಪಿತು. ಅವರು 1996ರಲ್ಲಿ ಅಟ್ಲಾಂಟಾದಲ್ಲಿ ಚಿನ್ನ ಗೆದ್ದರು. ನಾನು ಬಿ.ಪಿ.ಎಡ್ ಮಾಡಿ ಪಿಟಿ ಮೇಷ್ಟ್ರಾದೆ.

ಜಾವೆಲಿನ್ ಹಿಡಿದರೆ ಕೆಲಸ ಸಿಗುತ್ತಾ ಅನ್ನೋ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ನೀರಜ್ ಚೋಪ್ರಾ ಟೋಕಿಯೋದಲ್ಲಿ ಗೆದ್ದ ಮೇಲೆ ಹಳ್ಳಿ ಹಳ್ಳಿಯಲ್ಲೂ ಭರ್ಜಿ ಎಸೆಯೋರೇ. ನಿನ್ನ 48 ಮೀಟರ್ ಆ ಸಾಲಲ್ಲಿ ಎಲ್ಲಿ ನಿಲ್ಲುತ್ತೆ? ತೇಜಸ್ವಿನ್ ಶಂಕರ್ ಹೈಜಂಪಿನವರು, ಡೆಕಾಥ್ಲಾನಿಗೂ ಇಳಿದು 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ 7666 ಪಾಯಿಂಟು ಮಾಡಿ ಬೆಳ್ಳಿ ತಂದರು. ಹತ್ತನ್ನೂ ಇಟ್ಟುಕೋ. ಡಿಗ್ರಿ ಮಾತ್ರ ಬಿಡಬೇಡ, ಪದಕ ನಂಬಿ ಓದು ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮುಂದಿನ ಮೀಟಲ್ಲಿ ಎಷ್ಟರಿಂದ ಶುರು ಮಾಡ್ತೀನಿ ಅಂತ ಬರೆಸಿದೆ ಅನ್ನೋದನ್ನು ಇಲ್ಲೇ ಬಂದು ಹೇಳು ಮಾರಾಯ. 3 ಮೀಟರಿಗಿಂತ ಮೇಲಿದ್ದರೆ ಬೈತೀನಿ.