ಟನಲ್ ‘ಅಪ್’ ಇದ್ದರೂ ಫೈಲ್ ತೆರೆಯದಿದ್ದರೆ ಎಂಟಿಯು ನೋಡಿ

ಸಕಲೇಶಪುರದ ತೋಟದ ಕಚೇರಿಗೂ ಹಾಸನದ ಕಚೇರಿಗೂ ನಡುವೆ ಜಿಆರ್‌ಇ ಟನಲ್ (ಇಂಟರ್‌ನೆಟ್ ಮೂಲಕ ಎರಡು ಕಡೆಯ ರೂಟರ್‌ಗಳನ್ನು ನೇರವಾಗಿ ಜೋಡಿಸಿದಂತೆ ಮಾಡುವ ದಾರಿ) ಹಾಕಿದ ಮೇಲೆ ಪಿಂಗ್ (ಆ ಕಡೆ ತಲುಪುತ್ತದೆಯೇ ಎಂದು ನೋಡುವ ಪರೀಕ್ಷಾ ಸಂದೇಶ) ಹೋಗುತ್ತದೆ, ಆದರೆ ಲೆಕ್ಕದ ಫೈಲ್ ಅರ್ಧಕ್ಕೇ ನಿಲ್ಲುತ್ತದೆ ಎಂದು ಕೇಳಿದ್ದೀರಿ. ಚಿಕ್ಕ ಪ್ಯಾಕೆಟ್ (ಡೇಟಾದ ತುಣುಕು) ದಾಟಿ ದೊಡ್ಡದು ಸಿಕ್ಕಿಕೊಳ್ಳುವುದು ಬಹುಮಟ್ಟಿಗೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಇರಬಹುದಾದ ಗರಿಷ್ಠ ಗಾತ್ರದ, ತೊಂದರೆಯ ಲಕ್ಷಣ.

ಜಿಆರ್‌ಇ ಪ್ರತಿ ಪ್ಯಾಕೆಟ್‌ಗೂ ಹೊಸ ಐಪಿ ಹೆಡರ್‌ನ (ವಿಳಾಸವಿರುವ ಮುಂಭಾಗದ) 20 ಮತ್ತು ತನ್ನದೇ 4, ಹೀಗೆ 24 ಬೈಟ್ ಸೇರಿಸುವುದರಿಂದ ಎಂಟಿಯು 1500 ಇರುವ ಲಿಂಕ್‌ನಲ್ಲಿ 1476 ಮಾತ್ರ ಉಳಿಯುತ್ತದೆ. ನಿಮ್ಮ ಫೈಬರ್ ಪಿಪಿಪಿಒಇ (ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ವಿಧಾನ) ಮೂಲಕ ಬರುತ್ತಿದೆಯೆಂದು ಬರೆದಿರುವುದರಿಂದ ಇನ್ನೂ 8 ಕಳೆದು 1468 ಆಗುತ್ತದೆ. ಆದ್ದರಿಂದ ಎರಡೂ ಕಡೆಯ ಟನಲ್ ಇಂಟರ್‌ಫೇಸ್‌ನಲ್ಲಿ ಐಪಿ ಎಂಟಿಯು 1468, ಟಿಸಿಪಿ ಎಂಎಸ್‌ಎಸ್ (ಹೆಡರ್‌ಗಳ 40 ಬೈಟ್ ಕಳೆದು ಒಂದು ಪ್ಯಾಕೆಟ್‌ನಲ್ಲಿ ಹಿಡಿಯುವ ಡೇಟಾ) 1428 ಎಂದು ಕೊಡಿ. ಅನಂತರ ಹಾಸನದ ವಿಂಡೋಸ್ ಕಂಪ್ಯೂಟರಿನಿಂದ, ಪ್ಯಾಕೆಟ್ ತುಂಡಾಗದಂತೆ ತಡೆಯುವ ‘-ಎಫ್’ ಆಯ್ಕೆಯೊಡನೆ, ತೋಟದ ಕಂಪ್ಯೂಟರಿಗೆ 1440 ಬೈಟ್‌ನ ಪಿಂಗ್ ಕಳಿಸಿ; ಹೆಡರ್‌ಗಳ 28 ಸೇರಿ ಅದು 1468 ಆಗುತ್ತದೆ. ಅದು ಹೋಗಿ 1441 ನಿಂತರೆ ಲೆಕ್ಕ ಸರಿಯಾಗಿದೆ.

ಟನಲ್ ‘ಅಪ್’ ಎಂದು ತೋರಿಸುವುದನ್ನು ಹೆಚ್ಚು ನಂಬಬೇಡಿ. ಕೀಪ್‌ಅಲೈವ್ (ಆ ಕಡೆ ಜೀವಂತವಿದೆಯೇ ಎಂದು ಆಗಾಗ ವಿಚಾರಿಸುವ ವ್ಯವಸ್ಥೆ) ಹಾಕದಿದ್ದರೆ ಮಳೆಗಾಲದಲ್ಲಿ ತೋಟದ ಕರೆಂಟು ಹೋಗಿ ಆ ಕಡೆಯ ರೂಟರ್ ಆರಿದ್ದರೂ ಹಾಸನದಲ್ಲಿ ‘ಅಪ್’ ಎಂದೇ ತೋರುತ್ತಿರುತ್ತದೆ. ಜಿಆರ್‌ಇ ಏನನ್ನೂ ಗೂಢಲಿಪಿಗೊಳಿಸುವುದಿಲ್ಲವಾದ್ದರಿಂದ ಲೆಕ್ಕಪತ್ರಕ್ಕೆ ಗೂಢಲಿಪಿಗೊಳಿಸುವ ಐಪಿಸೆಕ್ ಬೇಕೇ ಬೇಕು. ಅದೂ ಪ್ಯಾಕೆಟ್‌ಗೆ ಬೈಟ್ ಸೇರಿಸುವುದರಿಂದ, ಅದನ್ನು ಹಾಕಿದಾಗ ಎಂಟಿಯು 1400, ಎಂಎಸ್‌ಎಸ್ 1360ಕ್ಕೆ ಇಳಿಸಿ.